ಪೀಠಿಕಾಚಾರ್ಯರು

ಪುಸ್ತಕವನ್ನು ಓದಿ ಮಾತನಾಡುವವರು, ಓದಿ ಸುಮ್ಮನಿರುವವರು, ಓದದೆ ಸುಮ್ಮನಿರುವವರು ಎಂದು ಲೋಕದಲ್ಲಿ ಮೂರು ವರ್ಗದ ಜನರಿದ್ದಾರೆಂದೂ, ಅವರಲ್ಲಿ ಮೊದಲನೆಯವರು ವಿರಳರು, ಎರಡನೆಯವರು ಪೂಜ್ಯರು, ಮೂರನೆಯವರು ನಿರುಪದ್ರವಿಗಳು ಎಂದೂ ಅರುವತ್ತೆರಡು ವರ್ಷ ನಂಬಿಕೊಂಡು ನೆಮ್ಮದಿಯಾಗಿದ್ದ ನನಗೆ, ನಾಲ್ಕನೆಯ ವರ್ಗವೊಂದುಂಟೆಂಬ ಜ್ಞಾನೋದಯವಾದದ್ದು ನಮ್ಮ ಬಡಾವಣೆಯ ಸಾರ್ವಜನಿಕ ಗ್ರಂಥಾಲಯದವರು ದೊಡ್ಡವರಿಗಾಗಿ ನಡೆಸುವ ಆನ್‌ಲೈನ್ ಪುಸ್ತಕ ಕೂಟಕ್ಕೆ ಸೇರಿದ ಮೇಲೆ. ಈ ನಾಲ್ಕನೆಯವರು ಪುಸ್ತಕವನ್ನು ಓದುವುದಿಲ್ಲ. ಆದರೆ ಅದರ ಹೆಸರನ್ನು ಓದುತ್ತಾರೆ, ರಕ್ಷಾಪುಟದ ಚಿತ್ರವನ್ನು ನೋಡುತ್ತಾರೆ, ಪೀಠಿಕೆಯ ಮೊದಲ ವಾಕ್ಯದವರೆಗೆ ಕಣ್ಣಾಡಿಸುತ್ತಾರೆ, ಇಷ್ಟು ಬಂಡವಾಳದಿಂದ ಹತ್ತು ಜನರ ಒಂದು ಸಾಯಂಕಾಲವನ್ನು ಸಗಟಾಗಿ ಕೊಂಡುಕೊಳ್ಳುತ್ತಾರೆ. ಇವರಿಗೆ ನಾನು ಪೀಠಿಕಾಚಾರ್ಯರೆಂದು ಹೆಸರಿಟ್ಟಿದ್ದೇನೆ. ನಾನು ಬರೆಯುತ್ತಿರುವುದು ಆ ವರ್ಗವನ್ನು ಕುರಿತೇ ಹೊರತು ಯಾವ ಒಬ್ಬ ವ್ಯಕ್ತಿಯನ್ನೂ ಕುರಿತಲ್ಲ. ನಮ್ಮ ಹಿಂದಿನ ಬೀದಿಯಲ್ಲಿ, ಪಾರಿಜಾತದ ಗಿಡವೂ ಹಸಿರು ಗೇಟೂ ಇರುವ ಮನೆಯಲ್ಲಿ ವಾಸವಾಗಿರುವ ನಿವೃತ್ತ ಅಧಿಕಾರಿಗಳೊಬ್ಬರಿಗೆ ಇಲ್ಲಿ ಹೇಳಿದ ಲಕ್ಷಣಗಳು ಹೊಂದಿಕೊಂಡರೆ ಅದು ಆ ಲಕ್ಷಣಗಳ ದೋಷ.

ನಾನು ಕೂಟಕ್ಕೆ ಸೇರಿದ್ದು ಜ್ಞಾನದಾಹದಿಂದ ಎಂದು ಹೇಳಿಕೊಳ್ಳುವ ಆಸೆಯೇನೋ ಇದೆ. ನಿಜವಾದ ಕಾರಣ ಮನೆಗಂದಾಯದ ರಸೀದಿ. 1965ರ ಗ್ರಂಥಾಲಯ ಅಧಿನಿಯಮದ ಮೇರೆಗೆ ನಮ್ಮ ರಾಜ್ಯದಲ್ಲಿ ಕಂದಾಯದ ರೂಪಾಯಿ ಒಂದಕ್ಕೆ 6 ಪೈಸೆಯಂತೆ ಗ್ರಂಥಾಲಯ ಉಪಕರ ಸಂದಾಯವಾಗುತ್ತದೆ. ಮನೆ ಕಟ್ಟಿಸಿದಂದಿನಿಂದ ಈ ಉಪಕರವನ್ನು ತೆರುತ್ತಲೇ ಬಂದು, ಗ್ರಂಥಾಲಯಕ್ಕೆ ಮಾತ್ರ ಮಳೆ ಬಂದಾಗ ನಿಲ್ಲುವುದಕ್ಕಲ್ಲದೆ ಮತ್ತಾವುದಕ್ಕೂ ಹೋಗದೆ ಇದ್ದ ನಾನು, ನಿವೃತ್ತನಾದ ವರ್ಷ ಆ ಪೈಸೆಗಳನ್ನೆಲ್ಲ ಒಂದು ಹಾಳೆಯ ಮೇಲೆ ಕೂಡಿ ನೋಡಿ, ಕೊಟ್ಟ ಹಣಕ್ಕೆ ಪ್ರತಿಫಲವನ್ನು ಪಡೆಯದೆ ಬಿಡಬಾರದೆಂದು ನಿಶ್ಚಯಿಸಿದೆ. ಕೂಟ ಹುಟ್ಟಿದ್ದು 2020ರ ಲಾಕ್‌ಡೌನಿನಲ್ಲಿ. ಗ್ರಂಥಾಲಯದ ಬಾಗಿಲು ಹಾಕಿದ್ದಾಗ ನಮ್ಮ ಗ್ರಂಥಪಾಲಕಿ, ಉತ್ಸಾಹವಂತೆಯಾದ ಹುಡುಗಿ, ಓದುಗರ ಫೋನ್ ನಂಬರುಗಳನ್ನು ಸದಸ್ಯತ್ವದ ದಾಖಲೆಯಿಂದ ಹೆಕ್ಕಿ ಎಲ್ಲರನ್ನೂ ತೆರೆಯ ಮೇಲೆ ಸೇರಿಸಿದಳು. ಬಾಗಿಲು ತೆರೆದ ಮೇಲೂ ಕೂಟ ತೆರೆಯ ಮೇಲೆಯೇ ಉಳಿದುಕೊಂಡಿತು. ಏತಕ್ಕೆಂದರೆ ಸದಸ್ಯರ ಪೈಕಿ ಹೆಚ್ಚಿನವರ ಮೊಣಕಾಲುಗಳು ಗ್ರಂಥಾಲಯದ ಒಂಬತ್ತು ಮೆಟ್ಟಿಲುಗಳನ್ನು ಒಪ್ಪುತ್ತಿರಲಿಲ್ಲ.

ತಿಂಗಳಿಗೊಂದು ಪುಸ್ತಕ, ಕೊನೆಯ ಶನಿವಾರ ಸಾಯಂಕಾಲ ಏಳು ಗಂಟೆಗೆ ಸಭೆ. ಪುಕ್ಕಟೆಯಾಗಿ ದೊರೆಯುವ ಸಭೆಗೆ 40 ನಿಮಿಷಗಳ ಆಯುಸ್ಸು. ಅದು ಮುಗಿದೊಡನೆ ಮಾತನಾಡುತ್ತಿರುವವರ ಬಾಯಿ ತೆರೆದಿರುವಂತೆಯೇ ಪ್ರಪಂಚ ಕಪ್ಪಾಗಿ, ಗ್ರಂಥಪಾಲಕಿ ಹೊಸ ಲಿಂಕ್ ಕಳುಹಿಸಿದ ಮೇಲೆ ಮರುಜನ್ಮವಾಗುತ್ತದೆ. ಪ್ರತಿಯೊಂದು ಪುಟಕ್ಕೂ ಗುರುತು ಹಾಕಿಕೊಂಡು ಓದಿ, ಕೇಳಿದರೆ 'ಚೆನ್ನಾಗಿದೆ' ಎಂಬ ಒಂದೇ ಮಾತನ್ನು ಹೇಳುವ ನಿವೃತ್ತ ಅಧ್ಯಾಪಿಕೆಯೊಬ್ಬರು; ಕಾದಂಬರಿಯನ್ನು ಕಿವಿಯಿಂದ, ಅದೂ ಒಂದೂವರೆ ಪಟ್ಟು ವೇಗದಲ್ಲಿ ಕೇಳುವ ಸಾಫ್ಟ್‌ವೇರ್ ಯುವಕ; ತಮ್ಮ ತಾಯಿಯ ಸದಸ್ಯತ್ವದ ಬಲದಿಂದ ನ್ಯೂಜೆರ್ಸಿಯಲ್ಲಿ ಬೆಳಗಿನ ಕಾಫಿ ಕುಡಿಯುತ್ತ ಕುಳಿತುಕೊಳ್ಳುವ ಗೃಹಸ್ಥರು; ಮೇಲೆ ಇಸ್ತ್ರಿಯ ಅಂಗಿಯನ್ನೂ ಕೆಳಗೆ ಮಾಸಿದ ಪಂಚೆಯನ್ನೂ ಧರಿಸಿ, ಎರಡು ಪುಟ ಟಿಪ್ಪಣಿಯನ್ನು ಕೈಯಲ್ಲಿ ಹಿಡಿದು, ತನ್ನ ಸರದಿಗಾಗಿ ಕಾಯುವ ನಾನು. ಇಂಥ ಸಭೆಗೆ ಪೀಠಿಕಾಚಾರ್ಯರು ಯಾವಾಗಲೂ ಎಲ್ಲರಿಗಿಂತ ಮುಂಚೆ ಬಂದಿರುತ್ತಿದ್ದರು. ತೆರೆಯಲ್ಲಿ ಅವರ ಹಣೆಯೂ, ಹಣೆಯ ಮೇಲೆ ತಿರುಗುವ ಫ್ಯಾನೂ ಕಾಣಿಸುತ್ತಿದ್ದವು. ಕೆಳಗಿನ ಮುಖವನ್ನು ನಾವು ಊಹಿಸಿಕೊಳ್ಳಬೇಕಾಗಿತ್ತು. ಗ್ರಂಥಪಾಲಕಿ ಸ್ವಾಗತವನ್ನು ಹೇಳಿ ಮುಗಿಸುವ ಮೊದಲೇ ಆ ಹಣೆ ಮುಂದಕ್ಕೆ ಬಾಗಿ, ಗಂಟಲು ಸರಿಮಾಡಿಕೊಂಡು, ನಮಗೆಲ್ಲ ಕಂಠಪಾಠವಾಗಿರುವ ನಾಂದಿಯನ್ನು ಹಾಡುತ್ತಿತ್ತು: "ಪುಸ್ತಕ ಇನ್ನೂ ಪೂರ್ತಿ ಓದಿಲ್ಲ. ಆದರೆ ಒಂದು ಮಾತು."

ಆ ಒಂದು ಮಾತಿನ ವಿಸ್ತಾರವನ್ನು ನಾನು ಮೊದಲು ಕಂಡದ್ದು ಕಾರಂತರ 'ಮರಳಿ ಮಣ್ಣಿಗೆ'ಯನ್ನು ಕುರಿತ ಸಭೆಯಲ್ಲಿ. ಕಡಲತೀರದ ಒಂದು ಕುಟುಂಬದ ಮೂರು ತಲೆಮಾರುಗಳ ಕಥೆಯದು. ಹೊರಗೆ ಹೋದ ಮೊಮ್ಮಗ ಮರಳಿ ನೆಲಕ್ಕೆ ಬರುವ ಕಥೆ. ಆಚಾರ್ಯರಾದರೋ 'ಮರಳಿ' ಎಂಬ ಪದವನ್ನು 'ಮರಳು' ಎಂದು ಗ್ರಹಿಸಿ, ಮರಳಿಗೂ ಮಣ್ಣಿಗೂ ಇರುವ ವ್ಯತ್ಯಾಸ, ತಾವು ಮನೆ ಕಟ್ಟಿಸುವಾಗ ಒಂದು ಲಾರಿ ಮರಳಿಗೆ ಕೊಟ್ಟ ಕ್ರಯ, ಹೊಳೆಯ ಮರಳು ಸಿಕ್ಕದೆ ಈಗ ಕಲ್ಲುಪುಡಿಯಿಂದ ಗಾರೆ ಮಾಡುವವರ ಅಧರ್ಮ, ಈ ಮೂರನ್ನೂ ಹದಿನೆಂಟು ನಿಮಿಷ ನಿರೂಪಿಸಿ, "ಕಾರಂತರು ಆಗಲೇ ಇದನ್ನೆಲ್ಲ ಕಂಡುಕೊಂಡಿದ್ದರು ನೋಡಿ" ಎಂದು ಉಪಸಂಹಾರ ಮಾಡಿದರು. ನ್ಯೂಜೆರ್ಸಿಯ ಗೃಹಸ್ಥರು, ಪಾಪ, ಪುಸ್ತಕದ ಯಾವ ಅಧ್ಯಾಯದಲ್ಲಿ ಲಾರಿ ಬರುತ್ತದೆಂದು ತಿರುವಿ ಹಾಕುತ್ತಿದ್ದದ್ದು ಕಾಣಿಸುತ್ತಿತ್ತು.

ಇದನ್ನಾದರೂ ಕ್ಷಮಿಸಬಹುದು. ನಾನು ಕ್ಷಮಿಸಲಾರದೆ ಇರುವುದು 'ಕರ್ವಾಲೊ' ಸಭೆಯನ್ನು. ತೇಜಸ್ವಿಯವರ ಆ ಕಾದಂಬರಿ 1980ರಲ್ಲಿ ಪ್ರಕಟವಾದಾಗ ನಾನು ತರುಣ. ಮಂದಣ್ಣನನ್ನೂ ಕಿವಿಯೆಂಬ ನಾಯಿಯನ್ನೂ ಅಂದಿನಿಂದ ಬಂಧುಗಳಂತೆ ಕಂಡುಕೊಂಡು ಬಂದವನು. ಆ ತಿಂಗಳು ನಾನು ಅದನ್ನು ಮತ್ತೆ ಓದಿದ್ದಷ್ಟೇ ಅಲ್ಲ. ಪಶ್ಚಿಮಘಟ್ಟದ ಕಾಡುಗಳಲ್ಲಿ ಇಂದಿಗೂ ಇರುವ ಹಾರುವ ಓತಿಯು ಪಕ್ಷಿಯಂತೆ ರೆಕ್ಕೆ ಬಡಿದು ಹಾರುವುದಿಲ್ಲವೆಂದೂ, ನೀಳವಾದ ಪಕ್ಕೆಲುಬುಗಳ ಮೇಲೆ ಚರ್ಮದ ಪೊರೆಯನ್ನು ಕೊಡೆಯಂತೆ ಬಿಡಿಸಿ ಮರದಿಂದ ಮರಕ್ಕೆ ತೇಲಿಹೋಗುವುದೆಂದೂ ಓದಿ ತಿಳಿದು, ಅದರ ಚಿತ್ರವೊಂದನ್ನು ಬರೆದು ಬಣ್ಣ ಕೂಡ ಹಾಕಿದ್ದೆ. ಚಿತ್ರ ಚೆನ್ನಾಗಿ ಬಂದಿತ್ತೆಂದು ನನ್ನ ಹೆಂಡತಿ ಹೇಳಲಿಲ್ಲ. ಆದರೆ ಅದು ಪ್ರಾಣಿಯೆಂಬುದನ್ನು ಒಪ್ಪಿಕೊಂಡಳು.

ಸಭೆ ಆರಂಭವಾಯಿತು. "ಪುಸ್ತಕ ಇನ್ನೂ ಪೂರ್ತಿ ಓದಿಲ್ಲ. ಆದರೆ ಹಲ್ಲಿಯ ವಿಷಯ ಅಂತ ಗೊತ್ತಾಯ್ತು" ಎಂದು ಆಚಾರ್ಯರು ಪೀಠವನ್ನು ಅಲಂಕರಿಸಿದರು. ಕಾಡಿನ ಓತಿಗೂ ಗೋಡೆಯ ಹಲ್ಲಿಗೂ ಭೇದವೆಣಿಸದ ಆ ಸಮದರ್ಶಿಗಳು, ತಮ್ಮ ಬಲಭುಜದ ಮೇಲೆ ಹಿಂದೊಮ್ಮೆ ಹಲ್ಲಿ ಬಿದ್ದದ್ದನ್ನೂ, ಅದಾದ ವಾರಕ್ಕೆ ತಮಗೆ ಬಡ್ತಿ ಬಂದದ್ದನ್ನೂ, ಅದೇ ಹಲ್ಲಿ, ಅಥವಾ ಅದರ ಸಂಬಂಧಿಕ ಹಲ್ಲಿ, ತಮ್ಮ ಮೇಲಧಿಕಾರಿಯ ತಲೆಯ ಮೇಲೆ ಬಿದ್ದು ಅವರು ದೂರದ ಊರಿಗೆ ವರ್ಗವಾದದ್ದನ್ನೂ ವರ್ಣಿಸಿ, ಪಕ್ಕದಲ್ಲಿಯೇ ಸಿದ್ಧವಾಗಿಟ್ಟುಕೊಂಡಿದ್ದ ಪಂಚಾಂಗವನ್ನು ತೆರೆದು ಹಲ್ಲಿ ಬಿದ್ದ ಫಲದ ಕೋಷ್ಟಕವನ್ನು ಶಿರಸ್ಸಿನಿಂದ ಪಾದದವರೆಗೆ ಓದತೊಡಗಿದರು. ಇದನ್ನು ಯಾರಾದರೂ ತಡೆಯುವರೆಂದು ನಾನು ನಿರೀಕ್ಷಿಸಿದೆ. ಆದದ್ದೇನು? ಎಂದೂ 'ಚೆನ್ನಾಗಿದೆ'ಯ ಆಚೆ ತುಟಿ ತೆರೆಯದ ಅಧ್ಯಾಪಿಕೆಯವರು, "ಸರ್, ಎಡ ಮೊಣಕೈ ಮೇಲೆ ಬಿದ್ರೆ?" ಎಂದು ಕೇಳಿದರು. ಸಾಫ್ಟ್‌ವೇರ್ ಯುವಕ ಕಂಪ್ಯೂಟರಿನ ಕೀಲಿಮಣೆಯ ಮೇಲೆ ಬಿದ್ದರೆ ಏನು ಫಲವೆಂದು ಕೇಳಿದ. ನ್ಯೂಜೆರ್ಸಿಯ ಗೃಹಸ್ಥರು ತಮ್ಮ ಊರಿನಲ್ಲಿ ಚಳಿಗೆ ಹಲ್ಲಿಯೇ ಇಲ್ಲವೆಂದೂ, ಹಾಗಾದರೆ ಅಲ್ಲಿಯವರಿಗೆ ಶಕುನವೇ ಇಲ್ಲವೇ ಎಂದೂ ಗಂಭೀರವಾದ ತತ್ತ್ವಪ್ರಶ್ನೆಯನ್ನೆತ್ತಿದರು. ಆ ನಡುವೆ ಆಚಾರ್ಯರ ಹಿಂದಿನಿಂದ, ಕುಕ್ಕರಿನ ಕೂಗಿನೊಡನೆ ಬೆರೆತು, "ರೀ, ಅದು ಹಲ್ಲಿಯಲ್ಲ" ಎಂಬ ಒಂದು ಹೆಣ್ಣುದನಿ ಕೇಳಿಸಿತು. "ಒಳಗೆ ಏನೋ ಕರೀತಾರೆ, ಒಂದು ನಿಮಿಷ" ಎಂದು ಅವರು ತಮ್ಮ ದನಿಯನ್ನು ನಿಲ್ಲಿಸಿಕೊಂಡು, ಅರ್ಧ ನಿಮಿಷದಲ್ಲಿ ಮರಳಿ ಬಂದು, ಮೊಣಕಾಲಿನಿಂದ ಮುಂದುವರಿಸಿದರು. ಆ ಮ್ಯೂಟ್ ಗುಂಡಿ ಅವರ ಫೋನಿನಲ್ಲಿಯೂ ಉಂಟೆಂಬುದು ಅಂದೇ ನಮಗೆ ತಿಳಿದದ್ದು.

ನನ್ನ ಸರದಿ ಬಂದಾಗ ಮೂರು ನಿಮಿಷ ಉಳಿದಿತ್ತು. ನಾನು ಚಿತ್ರವನ್ನು ಎತ್ತಿ ಹಿಡಿದು, ಪಕ್ಕೆಲುಬುಗಳಿಂದ ಆರಂಭಿಸಿ, ಕಾದಂಬರಿಯ ಕೊನೆಯಲ್ಲಿ ಆ ಓತಿ ಕಣಿವೆಯ ಮೇಲೆ ತೇಲಿ ಕಾಣದಾಗುವ ಅದ್ಭುತದವರೆಗೆ, ನನಗೇ ಗಂಟಲು ಕಟ್ಟುವಂತೆ ಮಾತನಾಡಿದೆ. ಎಲ್ಲರೂ ಏಕಾಗ್ರತೆಯಿಂದ ನನ್ನನ್ನೇ ನೋಡುತ್ತಿದ್ದರು. ಸಭೆ ಕಪ್ಪಾಗುವುದಕ್ಕೆ ಐದು ಸೆಕೆಂಡು ಮುಂಚೆ ಗ್ರಂಥಪಾಲಕಿ ಅತ್ಯಂತ ವಿನಯದಿಂದ, "ಸರ್, ನೀವು ಮ್ಯೂಟ್‌ನಲ್ಲಿದ್ದೀರಿ" ಎಂದಳು.

ಇನ್ನೊಂದು ದೂರು ಇದೆ. ಕೂಟದ ಪುಸ್ತಕ ನಮ್ಮ ಗ್ರಂಥಾಲಯದಲ್ಲಿ ಸಾಮಾನ್ಯವಾಗಿ ಒಂದೇ ಪ್ರತಿ ಇರುತ್ತದೆ. ಆ ಒಂದು ಪ್ರತಿ ತಿಂಗಳ ಮೊದಲ ದಿನವೇ ಆಚಾರ್ಯರ ಹೆಸರಿಗೆ ಬರೆಯಲ್ಪಟ್ಟು, ಹಸಿರು ಗೇಟಿನೊಳಗೆ ಹೋಗಿ, ಸಭೆ ಮುಗಿದ ಮೇಲೆಯೇ ಹೊರಗೆ ಬರುತ್ತಿತ್ತು. ಓದದವನು ಪುಸ್ತಕವನ್ನು ಒಯ್ಯುವುದೂ, ಓದಬೇಕೆಂದಿರುವವನು ಅಂಗಡಿಯಲ್ಲಿ ದುಡ್ಡು ತೆತ್ತು ಕೊಳ್ಳುವುದೂ ಯಾವ ನ್ಯಾಯ? ಗ್ರಂಥಾಲಯಶಾಸ್ತ್ರಕ್ಕೆ ನಮ್ಮ ದೇಶದಲ್ಲಿ ತಳಹದಿ ಹಾಕಿ, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೂರನೆಯದು ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗನುಂಟು ಎನ್ನುತ್ತದೆ. ನಾಲ್ಕನೆಯದು ಓದುಗನ ಕಾಲವನ್ನು ಉಳಿಸು ಎನ್ನುತ್ತದೆ. ಒಬ್ಬನೇ ಮನುಷ್ಯ ಪುಸ್ತಕವನ್ನು ಮನೆಯಲ್ಲಿಟ್ಟುಕೊಂಡು ಮೂರನೆಯದನ್ನೂ, ಬಾಯಿಯನ್ನು ತೆರೆದಿಟ್ಟುಕೊಂಡು ನಾಲ್ಕನೆಯದನ್ನೂ ಮುರಿಯಬಲ್ಲನೆಂದು ಆ ಮಹನೀಯರು ಎಣಿಸಿರಲಾರರು ಎಂದು ನಾನು ಗ್ರಂಥಪಾಲಕಿಗೆ ಹೇಳಿದೆ. ಆಕೆ ನಕ್ಕು, "ಆದರೆ ಸರ್, ಅವರಷ್ಟು ಜೋಪಾನವಾಗಿ ಪುಸ್ತಕ ವಾಪಸು ಮಾಡೋರು ಇನ್ನೊಬ್ಬರಿಲ್ಲ. ಹರಿದಿದ್ದ ಬೆನ್ನಿಗೆ ಗೋಂದು ಹಾಕಿ ತರ್ತಾರೆ" ಎಂದಳು. ನನಗೆ ಇದು ಸಮಾಧಾನವಾಗಲಿಲ್ಲ; ಓದದ ಪುಸ್ತಕವನ್ನು ಜೋಪಾನ ಮಾಡುವುದು ಕಷ್ಟವೇ?

ಒಂದು ತಿಂಗಳು ಆಚಾರ್ಯರು ಬರಲಿಲ್ಲ. ಅವರ ಫೋನಿನ ಮೇಲೆ ಮೊಮ್ಮಗ ಸಾರು ಚೆಲ್ಲಿದನೆಂದು ವರ್ತಮಾನ ಬಂತು. ನಾನು ಆ ಮಗುವಿನ ಆಯುರಾರೋಗ್ಯಕ್ಕಾಗಿ ಮನಸ್ಸಿನಲ್ಲಿಯೇ ಪ್ರಾರ್ಥಿಸಿ, ಟಿಪ್ಪಣಿಗಳನ್ನು ಹರಡಿಕೊಂಡು ಕುಳಿತೆ. ಅಧ್ಯಾಪಿಕೆಯವರು ಚೆನ್ನಾಗಿದೆ ಎಂದರು. ಯುವಕ ಕೊನೆಯ ಭಾಗ ಸ್ವಲ್ಪ ನಿಧಾನ ಎಂದ. ನಾನು ನನ್ನ ಎರಡು ಪುಟಗಳನ್ನು, ಈ ಸಲ ದನಿಯೊಡನೆ, ಓದಿದೆ. ಓದುತ್ತಿರುವಾಗಲೇ ಅವು ಪತ್ರಿಕೆಯ ವಿಮರ್ಶೆಯಂತೆ ಕೇಳಿಸುತ್ತಿವೆಯೆಂದು ನನಗೇ ಅನಿಸಿತು. ಹತ್ತೊಂಬತ್ತನೆಯ ನಿಮಿಷಕ್ಕೆ ಸಭೆ ಮುಗಿಯಿತು. ಮುಗಿದ ಮೇಲೆ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು, ಅಧ್ಯಾಪಿಕೆಯವರ ಮಂಡಿನೋವನ್ನೂ, ನ್ಯೂಜೆರ್ಸಿಯವರ ತಾಯಿಯ ಕ್ಷೇಮವನ್ನೂ, ನನ್ನ ಮಗಳ ಮದುವೆಯ ಮಾತುಕತೆ ಎಲ್ಲಿಗೆ ಬಂತೆಂಬುದನ್ನೂ ವಿಚಾರಿಸುತ್ತಿದ್ದ ಹಣೆಯೊಂದು ಅಲ್ಲಿ ಇರಲಿಲ್ಲ. ಮಿಕ್ಕ ಇಪ್ಪತ್ತೊಂದು ನಿಮಿಷವನ್ನು ಏನು ಮಾಡುವುದೆಂದು ತಿಳಿಯದೆ ನಾನು ಟೀವಿ ಹಾಕಿದೆ.

ಮುಂದಿನ ತಿಂಗಳ ಪುಸ್ತಕ ಭೈರಪ್ಪನವರ 'ವಂಶವೃಕ್ಷ'. ನಮ್ಮ ಗ್ರಂಥಾಲಯ ಅಧಿನಿಯಮದ ವಾರಿಗೆಯದು, ಅದೂ 1965ರದೇ. ಸಭೆಗೆ ನಾಲ್ಕು ದಿನವಿರುವಾಗ, ಈ ಸಲವಾದರೂ ಅಂಗಡಿಗೆ ದುಡ್ಡು ಕೊಡಬಾರದೆಂದು ಹಟ ತೊಟ್ಟು, ಹಸಿರು ಗೇಟನ್ನು ತೆರೆದೆ. ಅದು ನವೆಂಬರು, ಪಿಂಚಣಿದಾರರು ತಾವು ಇನ್ನೂ ಬದುಕಿದ್ದೇವೆಂದು ಬ್ಯಾಂಕಿಗೆ ಹೋಗಿ ಸಾಬೀತುಮಾಡುವ ಮಾಸ. ಆಚಾರ್ಯರು ಆ ಕೆಲಸಕ್ಕೆ ಹೋಗಿದ್ದರು. ಬಾಗಿಲು ತೆರೆದ ಅವರ ಮನೆಯಾಕೆ, ಸೆರಗಿನಿಂದ ಕೈಯೊರೆಸಿಕೊಳ್ಳುತ್ತ, "ನೀವು ಓತಿ ಚಿತ್ರ ಬರೆದವರಲ್ವಾ? ಬನ್ನಿ, ಕೂತ್ಕೊಳ್ಳಿ" ಎಂದರು. ಆ ಚಿತ್ರವನ್ನು ಗಮನಿಸಿದವರು ಭೂಲೋಕದಲ್ಲಿ ಒಬ್ಬರಿದ್ದಾರೆಂದು ತಿಳಿದು ನಾನು ಕುರ್ಚಿಯಲ್ಲಿ ಕುಳಿತೆನೋ ಗಾಳಿಯಲ್ಲಿ ಕುಳಿತೆನೋ ಹೇಳಲಾರೆ.

ಪುಸ್ತಕ ಬಂತು. ಅದರ ಪುಟಗಳ ನಡುವೆ, ಅಲ್ಲಲ್ಲಿ, ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರಿನ ಸಣ್ಣ ಹಾಳೆಗಳು. ಕೆಲವದರ ಹಿಂದೆ ಪೆನ್ಸಿಲಿನಿಂದ ಒಂದೆರಡು ಪದ. ಗ್ರಂಥಾಲಯದ ಪುಸ್ತಕದ ಮೇಲೆ ಗೀಟು ಹಾಕಬಾರದೆಂಬ ಮರ್ಯಾದೆ ಅದು. ಒಂದು ಹಾಳೆಗೆ ಅರಿಸಿನದ ಬೆರಳ ಗುರುತಿತ್ತು.

"ಓದಿದ್ದು ನೀವೇ?" ಎಂದು ಕೇಳಿದೆ.

"ಮತ್ತಿನ್ಯಾರು? ಇವರಿಗೆ ಕೂತು ಓದೋ ತಾಳ್ಮೆ ಎಲ್ಲಿದೆ. ಮಧ್ಯಾಹ್ನ ಊಟ ಆದ್ಮೇಲೆ ಕಥೆ ಹೇಳ್ತೀನಿ. ಆರಾಮಕುರ್ಚೀಲಿ ಒರಗಿ ಕೇಳ್ತಾರೆ. ಕಾಲು ಭಾಗ ಆಗೋಷ್ಟ್ರಲ್ಲಿ ನಿದ್ದೆ. ಆಮೇಲಿಂದೆಲ್ಲ ಅವರ ಸ್ವಂತ."

ಕಾಫಿ ಬಂತು. ಕಾಫಿಯೊಡನೆ ಆಕೆ 'ವಂಶವೃಕ್ಷ'ದ ವಿಷಯ ಅರ್ಧ ಗಂಟೆ ಮಾತನಾಡಿದರು. ನಾನು ಆ ಕೂಟದಲ್ಲಿ ಎರಡು ವರ್ಷ ಕುಳಿತು ಕೇಳದಿದ್ದ ಮಾತು. ಈ ಕಾದಂಬರಿಯೆಂದರೆ ಎಲ್ಲರೂ ಶ್ರೋತ್ರಿಯರನ್ನೂ ಕಾತ್ಯಾಯನಿಯನ್ನೂ ಹಿಡಿದುಕೊಳ್ಳುತ್ತಾರೆ, ನಾನೂ ಎರಡು ಪುಟಗಳಲ್ಲಿ ಅವರನ್ನೇ ಹಿಡಿದುಕೊಂಡಿದ್ದೆ. ಆಕೆ ಹಿಡಿದದ್ದು ನಾಗಲಕ್ಷ್ಮಿಯನ್ನು. ಇತಿಹಾಸದ ಮಹಾಗ್ರಂಥವನ್ನು ಬರೆಯುವ ಸದಾಶಿವರಾಯ, ತನ್ನ ಹೆಂಡತಿ ಬೌದ್ಧಿಕ ಸಂಗಾತಿಯಾಗಲಾರಳೆಂದು ಸಂಶೋಧನೆಗೆ ನೆರವಾದ ವಿದ್ಯಾರ್ಥಿನಿಯನ್ನು ಎರಡನೆಯ ಮದುವೆಯಾಗುತ್ತಾನೆ. ನಾಗಲಕ್ಷ್ಮಿ ರಾಮನಾಮವನ್ನು ಬರೆಯುತ್ತ ಕೂರುತ್ತಾಳೆ. "ಅವಳಿಗೆ ಅರ್ಥ ಆಗಲ್ಲ ಅಂತ ಅವರು ಹೇಗೆ ತೀರ್ಮಾನ ಮಾಡಿದ್ರು? ಒಂದು ದಿನ ಕೂರಿಸ್ಕೊಂಡು ಓದಿ ಹೇಳಿದ್ರಾ? ಯಾರೂ ಅವಳನ್ನ ಒಂದು ಮಾತು ಕೇಳ್ಲಿಲ್ಲ" ಎಂದರು. ಹೇಳಿ, ಲೋಟವನ್ನು ಎತ್ತಿಕೊಂಡು ಒಳಗೆ ಹೋದರು. ತಾವೇಕೆ ಸಭೆಗೆ ಬರಬಾರದೆಂದು ನಾನು ಬಾಗಿಲಲ್ಲಿ ಕೇಳಿದೆ. "ಏಳು ಗಂಟೆ ಅಂದ್ರೆ ಅಡುಗೆ ಹೊತ್ತಲ್ವಾ" ಎಂದವರು, ಸ್ವಲ್ಪ ತಡೆದು, "ಅಲ್ದೆ, ನಾನೂ ಬಂದು ಕೂತ್ರೆ ಇವರು ಮಾತಾಡೋದೇನು?" ಎಂದು ನಕ್ಕರು.

ನಡೆದುಕೊಂಡು ಬರುವಾಗ ನನಗೆ ನಮ್ಮೂರಿನ ದೇವಸ್ಥಾನದ ಜಗಲಿ ನೆನಪಾಯಿತು. ಅಲ್ಲಿ ಕುಮಾರವ್ಯಾಸ ಭಾರತವನ್ನು ಒಬ್ಬರು ರಾಗವಾಗಿ ಓದುತ್ತಿದ್ದರು, ಮತ್ತೊಬ್ಬರು ಅರ್ಥ ಹೇಳುತ್ತಿದ್ದರು. ವಾಚನ ಮಾಡುವವರು ಬೇರೆ, ವ್ಯಾಖ್ಯಾನ ಮಾಡುವವರು ಬೇರೆ. ಒಬ್ಬರ ಕೆಲಸವನ್ನು ಇನ್ನೊಬ್ಬರು ಮಾಡಲಿಲ್ಲವೆಂದು ಯಾರೂ ಆಕ್ಷೇಪಿಸಿದ್ದಿಲ್ಲ. ವ್ಯಾಖ್ಯಾನಕಾರರು ಕರ್ಣನ ರಥದ ಚಕ್ರದಿಂದ ಹೊರಟು ಊರಿನ ಕೆರೆಯ ಹೂಳಿಗೂ, ಪಟೇಲರ ಗಾಡಿಗೂ ಹೋಗಿ ಬರುತ್ತಿದ್ದರು. ನಾವು ಹುಡುಗರು ಕಾಯುತ್ತಿದ್ದದ್ದು ಆ ಪ್ರಯಾಣಕ್ಕೇ. ಹಸಿರು ಗೇಟಿನ ಮನೆಯಲ್ಲಿ ನಡೆಯುತ್ತಿರುವುದೂ ಅದೇ ಏರ್ಪಾಡೆಂದು ಆಚಾರ್ಯರನ್ನು ಅರ್ಧ ಕ್ಷಮಿಸಿದೆ. ಮಿಕ್ಕರ್ಧವನ್ನು ಕ್ಷಮಿಸುವುದು ಸಾಧ್ಯವಾಗಲಿಲ್ಲ. ಜಗಲಿಯಲ್ಲಿ ವಾಚನ ಮಾಡುತ್ತಿದ್ದವರಿಗೂ ಒಂದು ಮಣೆ ಹಾಕುತ್ತಿದ್ದರು.

ಶನಿವಾರ ಬಂತು. ಹೊಸ ಫೋನಿನಲ್ಲಿ ಹಣೆ ಮೊದಲಿಗಿಂತ ವಿಶಾಲವಾಗಿ ಕಾಣಿಸುತ್ತಿತ್ತು. "ಪುಸ್ತಕ ಇನ್ನೂ ಪೂರ್ತಿ ಓದಿಲ್ಲ. ಆದರೆ ವಂಶ ಅಂದ ಮೇಲೆ ಒಂದು ಮಾತು" ಎಂದು ಆರಂಭಿಸಿ, ತಮ್ಮ ಗೋತ್ರ, ಪ್ರವರ, ಮುತ್ತಾತ ಬರಗಾಲದಲ್ಲಿ ಊರು ಬಿಟ್ಟು ಬಂದ ಬಗೆ ಇವುಗಳನ್ನು ಹೇಳಿದರು. ಯಾವ ಪುಟವೆಂದು ನ್ಯೂಜೆರ್ಸಿಯವರು ಕೇಳಿದ್ದಕ್ಕೆ, "ವೃಕ್ಷ ಅಂದ ಮೇಲೆ ಪುಟ ಯಾಕೆ ಕೇಳ್ತೀರಿ, ಕೊಂಬೆ ಕೇಳಿ" ಎಂದರು. ಕಥೆ ನಂಜನಗೂಡಿನದೆಂಬುದು ನಿದ್ದೆಗೆ ಮುಂಚಿನ ಕಾಲು ಭಾಗದಲ್ಲಿ ಬಂದಿತ್ತೆಂದು ತೋರುತ್ತದೆ. ಅಲ್ಲಿಂದ ನಂಜನಗೂಡಿನ ಹಲ್ಲುಪುಡಿ, ಹಲ್ಲುಪುಡಿಯಿಂದ ರಸಬಾಳೆ, ರಸಬಾಳೆಯಿಂದ ಕಪಿಲಾ ನದಿಯ ಸ್ನಾನಘಟ್ಟಕ್ಕೆ ಬಂದರು. ನಾನು ಗಡಿಯಾರವನ್ನು ನೋಡಲಿಲ್ಲ. ಮೂವತ್ತೊಂಬತ್ತನೆಯ ನಿಮಿಷದಲ್ಲಿ, ಕಪಿಲೆಯ ಮೆಟ್ಟಿಲ ಮೇಲೆ ನಿಂತವರು ಇದ್ದಕ್ಕಿದ್ದಂತೆ, "ಆದರೆ ಆ ನಾಗಲಕ್ಷ್ಮಿ ಇದಾಳಲ್ಲ, ಅವಳನ್ನ ಯಾರಾದ್ರೂ" ಎಂದರು. ಸಭೆ ಕಪ್ಪಾಯಿತು.

ಹೊಸ ಲಿಂಕ್ ಬಂದೊಡನೆ ಎಲ್ಲರಿಗಿಂತ ಮುಂಚೆ ಒಳಗೆ ಹೋದವನು ನಾನು. ಹಣೆ ಕಾಣಿಸುತ್ತಲೇ, "ಸರ್, ನಾಗಲಕ್ಷ್ಮಿಯ ವಿಷಯ ಏನೋ ಹೇಳ್ತಿದ್ರಿ, ದಯವಿಟ್ಟು ಮುಂದುವರಿಸಿ" ಎಂದು ಬೇಡಿಕೊಂಡೆ. ಎರಡು ವರ್ಷದಲ್ಲಿ ಅವರನ್ನು ಮುಂದುವರಿಸಿ ಎಂದು ಕೇಳಿದವರು ಯಾರೂ ಇರಲಿಲ್ಲವಾದ್ದರಿಂದ ಅವರು ಗಲಿಬಿಲಿಗೊಂಡರು.

"ನಾಗಲಕ್ಷ್ಮಿ? ಹೇಳ್ತಿದ್ದೆನಲ್ಲ..." ಎಂದು ಹಣೆಯುಜ್ಜಿಕೊಂಡು, ಮೊಟ್ಟಮೊದಲ ಬಾರಿಗೆ ಮ್ಯೂಟ್ ಮಾಡದೆಯೇ ಒಳಗಡೆ ತಿರುಗಿ, "ಇವಳೇ, ನಾಗಲಕ್ಷ್ಮಿದು ಏನೇ ಅದು? ಇಲ್ಲಿ ಕೇಳ್ತಿದಾರೆ" ಎಂದು ಕೂಗಿದರು.

ನಾವೆಲ್ಲರೂ ಉಸಿರು ಬಿಗಿಹಿಡಿದು ಆ ಫ್ಯಾನನ್ನೇ ನೋಡುತ್ತ ಕಾದೆವು. ಒಳಗಿನಿಂದ ಏನೋ ಉತ್ತರ ಬಂತು. ಅಷ್ಟರಲ್ಲಿ ಕುಕ್ಕರು ಮೂರನೆಯ ಸಲ ಕೂಗಿತು.